ಸವಾಲು ಎಂಬ ಮಾತು

ಮಾರೇನಹಳ್ಳಿಯಲ್ಲಿ ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಒಂದು ಕಲ್ಲುಬೆಂಚು ಸಂಜೆ ಐದರ ಮೇಲೆ ಖಾಲಿ ಇರುವುದಿಲ್ಲ. ಅಲ್ಲಿ ಚೆಸ್ ನಡೆಯುತ್ತದೆ. ಸುರುಳಿ ಸುತ್ತಿ ತರುವ ಹಾಸು, ಅದರ ಮೇಲೆ ಬಣ್ಣ ಮಾಸಿದ ಕಾಯಿಗಳು. ಕಪ್ಪು ಒಂಟೆಯೊಂದು ಎಂದೋ ಕಳೆದುಹೋಗಿ, ಅದರ ಮನೆಯಲ್ಲಿ ಈಗ ಬಾಟಲಿಯ ಮುಚ್ಚಳ ಕೂತಿದೆ. ನಿಯಮ ಒಂದೇ: ಗೆದ್ದವರು ಕೂತಿರಬೇಕು, ಸೋತವರು ಏಳಬೇಕು. ಬಿನ್ನಿ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಎದ್ದದ್ದನ್ನು ನಾನು ನೋಡಿರುವುದು ಬಹಳ ಕಡಿಮೆ.

ಜಗಳ ಆಟದಲ್ಲಿ ಆಗುವುದಿಲ್ಲ. ಅವರ ಎದುರು ಯಾರು ಕೂರಬೇಕು ಎಂಬಲ್ಲಿ ಆಗುತ್ತದೆ. 'ನಾನು ಆಗಲೇ ಕರ್ಚೀಫ್ ಹಾಕಿ ಹೋಗಿದ್ದೆ' ಎನ್ನುತ್ತಾರೆ ಒಬ್ಬರು. ಬಸ್ಸಿನ ಸೀಟಿನ ನ್ಯಾಯ ಇಲ್ಲಿ ನಡೆಯುವುದಿಲ್ಲ ಎನ್ನುತ್ತಾರೆ ಇನ್ನೊಬ್ಬರು. ಹಿರಿಯರು ಮಾತ್ರ ಈ ಜಗಳಕ್ಕೆ ತಲೆ ಹಾಕುವುದಿಲ್ಲ, ಕಾಯಿಗಳನ್ನು ಜೋಡಿಸುತ್ತ ಕಾಯುತ್ತಾರೆ. ಎದುರಾಳಿಯನ್ನು ಆರಿಸುವ ಹಕ್ಕು ತಮ್ಮದಲ್ಲ ಎಂದು ಅವರು ಒಪ್ಪಿಕೊಂಡಂತಿದೆ. ಇಷ್ಟನ್ನು ಒಪ್ಪಿಕೊಳ್ಳಲು ಚೆಸ್ ಜಗತ್ತಿಗೆ ಎಷ್ಟು ಕಾಲ ಬೇಕಾಯಿತು ಎಂದು ನೆನೆದಾಗ ನನಗೆ ಆ ಬೆಂಚಿನ ಮೇಲೆ ಗೌರವ ಹೆಚ್ಚುತ್ತದೆ.

ಹಿಂದೆ ವಿಶ್ವ ಚಾಂಪಿಯನ್ ತನಗೆ ಬೇಕಾದವನೊಂದಿಗೆ, ಬೇಕಾದಾಗ ಆಡುತ್ತಿದ್ದ. ಆಗಿನ ಚಾಂಪಿಯನ್, ಕ್ಯೂಬಾದ ಕಪಾಬ್ಲಾಂಕ 1922ರಲ್ಲಿ ಲಂಡನ್ನಿನಲ್ಲಿ ಇತರ ಅಗ್ರ ಆಟಗಾರರ ಸಹಿ ಹಾಕಿಸಿ ನಿಯಮಾವಳಿಯನ್ನೇನೋ ಮಾಡಿದ. ಆದರೆ ಅದರ ಪ್ರಕಾರ, ಎದುರಿಗೆ ಬರುವವನು ಹತ್ತು ಸಾವಿರ ಡಾಲರ್ ಬಹುಮಾನದ ಹಣ ಹೊಂದಿಸಬೇಕಿತ್ತು. ಅಲೆಖಿನ್ ಹೊಂದಿಸಿದ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಗೆದ್ದೂಬಿಟ್ಟ. ಆಮೇಲೆ ಕಪಾಬ್ಲಾಂಕ ಮರುಪಂದ್ಯ ಕೇಳುತ್ತಲೇ ಉಳಿದ, ಅದು ಕೊನೆಗೂ ನಡೆಯಲಿಲ್ಲ. ಬಾಗಿಲಿಗೆ ಬೀಗ ಮಾಡಿಸಿದವನೇ ಹೊರಗೆ ನಿಲ್ಲಬೇಕಾಯಿತು.

ಇದನ್ನು ಕನ್ನಡದಲ್ಲಿ ಬರೆಯಲು ಹೊರಟರೆ 'ಸವಾಲು' ಎಂಬ ಮಾತು ಬರದೆ ಇರದು. ಅರಬಿಯಿಂದ ಹೊರಟು ನಮ್ಮಲ್ಲಿಗೆ ಬಂದ ಈ ಮಾತಿಗೆ ಮೂಲದಲ್ಲಿ ಇದ್ದ ಅರ್ಥ ಪ್ರಶ್ನೆ ಎಂದಷ್ಟೆ. ನ್ಯಾಯಾಲಯದ 'ಪಾಟೀಸವಾಲಿ'ನಲ್ಲಿ ಆ ಅರ್ಥ ಇನ್ನೂ ಜೀವಂತವಾಗಿದೆ. ಹರಾಜಿನಲ್ಲಿ ಸವಾಲು ಕೂಗುತ್ತೇವೆ, ಅಲ್ಲಿ ಅದು ದುಡ್ಡಿನ ಮಾತು. ಕುಸ್ತಿಯ ಅಖಾಡದಲ್ಲಿ ತೊಡೆ ತಟ್ಟಿದರೆ ಅದೂ ಸವಾಲು. ಕಪಾಬ್ಲಾಂಕನ ಕಾಲದ ಸವಾಲು ಹರಾಜಿನದು. ತೊಡೆ ತಟ್ಟುವುದನ್ನು ನಾವು ಪತ್ರಿಕೆಯ ಕ್ರೀಡಾಪುಟದಲ್ಲಿ ದಿನವೂ ಓದುತ್ತೇವೆ. ನನ್ನನ್ನು ಹಿಡಿದು ನಿಲ್ಲಿಸುವುದು ಮೊದಲನೆಯ ಅರ್ಥ. ಚಾಂಪಿಯನ್ನನ ಎದುರು ಕೂರುವವನು ಒಂದು ಪ್ರಶ್ನೆ ಕೇಳುತ್ತಿದ್ದಾನೆ: ಆ ಕುರ್ಚಿ ಈಗಲೂ ನಿನ್ನದೇನು?

1946ರಲ್ಲಿ ಅಲೆಖಿನ್ ಚಾಂಪಿಯನ್ ಆಗಿದ್ದಾಗಲೇ ತೀರಿಕೊಂಡ. ಕುರ್ಚಿ ಖಾಲಿಯಾದ ಮೇಲೆ ವಿಶ್ವ ಚೆಸ್ ಸಂಸ್ಥೆ ಫಿಡೆ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. 1950ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ಕ್ಯಾಂಡಿಡೇಟ್ಸ್ ಟೂರ್ನಿ ನಡೆಯಿತು. ಕೇಳುವ ಹಕ್ಕನ್ನು ಇನ್ನು ದುಡ್ಡಿನಿಂದಲ್ಲ, ಆಡಿ ಗಳಿಸಬೇಕು. ಆ ಹಾದಿಯಲ್ಲಿ ಬಂದ ಮೊದಲಿಗ ಬ್ರಾನ್‌ಸ್ಟೈನ್. 1951ರಲ್ಲಿ ಚಾಂಪಿಯನ್ ಬೊಟ್ವಿನಿಕ್ ಎದುರು 24 ಆಟಗಳಲ್ಲಿ ಎರಡೇ ಉಳಿದಿದ್ದಾಗ ಒಂದು ಅಂಕ ಮುಂದಿದ್ದ. ಒಂದನ್ನು ಸೋತು, ಇನ್ನೊಂದನ್ನು ಡ್ರಾ ಮಾಡಿಕೊಂಡ. 12-12. ಸಮವಾದರೆ ಪಟ್ಟ ಇದ್ದವನಲ್ಲೇ ಇರಬೇಕೆಂಬುದು ಆಗಿನ ನಿಯಮ. ಪ್ರಶ್ನೆ ಎಷ್ಟೇ ಗಟ್ಟಿಯಾಗಿದ್ದರೂ ಅನುಮಾನದ ಲಾಭ ಕೂತವನಿಗೆ. ಎಸ್ಟೋನಿಯಾದ ಕೆರೆಸ್‌ನದು ಇನ್ನೂ ವಿಚಿತ್ರ: 1953ರಿಂದ 1962ರವರೆಗೆ ನಾಲ್ಕು ಕ್ಯಾಂಡಿಡೇಟ್ಸ್‌ನಲ್ಲಿ ಸಾಲಾಗಿ ಎರಡನೆಯವನು. ಪ್ರಶ್ನೆ ಕೇಳಲು ಎದ್ದು ನಿಂತು, ತನ್ನ ಸರದಿ ಬರುವ ಮೊದಲೇ ನಾಲ್ಕು ಬಾರಿ ಕೂತವನು.

ಇತ್ತೀಚಿನದನ್ನು ಹೇಳುವುದಾದರೆ, 2024ರ ಏಪ್ರಿಲ್‌ನಲ್ಲಿ ಟೊರಾಂಟೊದ ಕ್ಯಾಂಡಿಡೇಟ್ಸ್‌ನಲ್ಲಿ ಎಂಟು ಜನ 14 ಸುತ್ತು ಆಡಿದರು. ಏಳನೆಯ ಸುತ್ತಿನಲ್ಲಿ ಫಿರೌಜಾಗೆ ಸೋತ 17ರ ಗುಕೇಶ್ ಕೊನೆಗೆ 9 ಅಂಕದೊಂದಿಗೆ ಮೊದಲಿಗನಾದ. ಹಿಂದೆ ಬಿದ್ದ ಮೂವರದು ತಲಾ ಎಂಟೂವರೆ. ಕೊನೆಯ ದಿನ ತನ್ನ ಆಟ ಮುಗಿಸಿದ ಮೇಲೆ, ಕರುವಾನ ಮತ್ತು ನೆಪೊಮ್ನಿಯಾಚಿ 109 ನಡೆಗಳ ನಂತರ ಡ್ರಾಕ್ಕೆ ಒಪ್ಪುವ ತನಕ ಅವನು ಕಾಯಬೇಕಾಯಿತು. ಅರ್ಧ ಅಂಕ ಅತ್ತಿತ್ತ ಆಗಿದ್ದರೆ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚಾಂಪಿಯನ್ ಡಿಂಗ್ ಲಿರೆನ್ ಎದುರು ನಿರ್ಣಾಯಕ ಆಟ ಗೆದ್ದವನು ಬೇರೊಬ್ಬನಾಗಿರುತ್ತಿದ್ದ, ಅಥವಾ ಡಿಂಗ್ ಸೋಲುತ್ತಲೇ ಇರಲಿಲ್ಲವೇನೋ.

ಕರ್ನಾಟಕದಿಂದ ಆ ಎಂಟರ ಮೇಜಿಗೆ ಯಾರೂ ಹೋಗಿಲ್ಲ. ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ನಮ್ಮ ರಾಜ್ಯದ ಮೊದಲಿಗರಾದ ಮೈಸೂರಿನ ತೇಜಕುಮಾರ್‌ಗೆ ಆ ಬಿರುದು ಬಂದದ್ದು 2017ರಲ್ಲಿ. ಆಗ ಅವರಿಗೆ ಮೂವತ್ತೈದು ದಾಟಿತ್ತು. ಹದಿಹರೆಯದವರ ಆಟವಾಗಿಬಿಟ್ಟ ಚೆಸ್‌ನಲ್ಲಿ ಅಷ್ಟು ವರ್ಷ ಬಿಡದೆ ಆಡಿದ್ದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಮರುವರ್ಷವೇ ಶಿವಮೊಗ್ಗದ ಸ್ಟ್ಯಾನಿ, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್. ಸಾಲು ಬೆಳೆಯುತ್ತಿದೆ.

ಪ್ರಶ್ನೆಯಿದ್ದರೆ ಜವಾಬು ಬೇಕು. ಜವಾಬಿನಿಂದಲೇ ಜವಾಬ್ದಾರಿ: ಉತ್ತರ ಕೊಡಬೇಕಾದವನ ಹೊರೆ. 2022ರಲ್ಲಿ ನೆಪೊಮ್ನಿಯಾಚಿ ಮ್ಯಾಡ್ರಿಡ್‌ನಲ್ಲಿ ಎರಡನೆಯ ಬಾರಿ ಕ್ಯಾಂಡಿಡೇಟ್ಸ್ ಗೆದ್ದು ನಿಂತಾಗ ಚಾಂಪಿಯನ್ ಕಾರ್ಲ್‌ಸನ್ ತಾನಿನ್ನು ಪಟ್ಟಕ್ಕಾಗಿ ಆಡುವುದಿಲ್ಲ ಎಂದ. ಜಗತ್ತಿನಲ್ಲಿ ಅವನಿಗಿಂತ ಚೆನ್ನಾಗಿ ಆಡುವವರು ಆಗ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಉತ್ತರ ಗೊತ್ತಿದ್ದವನು ಉತ್ತರ ಕೊಡಲು ಬೇಸತ್ತ. ಅವನನ್ನು ತಪ್ಪೆನ್ನಲಾರೆ. ಆದರೆ ಮರುವರ್ಷ ಅಸ್ತಾನಾದಲ್ಲಿ ನೆಪೊಮ್ನಿಯಾಚಿ ಮತ್ತು ಡಿಂಗ್ ಎದುರುಬದುರು ಕೂತದ್ದನ್ನು ನೋಡಿದಾಗ, ಇಬ್ಬರೂ ಪ್ರಶ್ನೆ ಹಿಡಿದು ಬಂದವರೇ, ಕೇಳಿಸಿಕೊಳ್ಳಬೇಕಾದವನೇ ಇಲ್ಲ ಎನ್ನಿಸಿತ್ತು.

ಇದಕ್ಕೆ ತಿರುಗುಮುರುಗಾದ ಕತೆಯೊಂದು ನಮ್ಮಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ, ಐದು ವರ್ಷದ ಮಗುವಾಗಿ, ಮೈಸೂರಿನ ಗದ್ದುಗೆ ಏರಿದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಪದವಿ ಉಳಿಯಿತು, ಅರಮನೆ ಉಳಿಯಿತು, ರಾಜ್ಯ ಕಮಿಷನರ್ ಕೈಗೆ ಹೋಯಿತು. 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೇಳು ವರ್ಷ, ಅವರು ಚೌಕದ ಮಧ್ಯದಲ್ಲಿ ನಿಲ್ಲಿಸಿದ ರಾಜ. ರಾಜ್ಯ ಮರಳಿ ಕೊಡಿ ಎಂದು ಮನವಿಯ ಮೇಲೆ ಮನವಿ ಕಳಿಸಿದರು. ಅವೂ ಸವಾಲುಗಳೇ. ಜವಾಬು ಅವರ ಕಾಲದಲ್ಲಿ ಬರಲಿಲ್ಲ; ರಾಜ್ಯ ಮರಳಿದ್ದು 1881ರಲ್ಲಿ, ದತ್ತುಮಗನಿಗೆ.

ಆ ವರ್ಷಗಳಲ್ಲಿ ಅವರು ಹಾಸುಗಳನ್ನು ಹೆಣೆದರು. ಇಸ್ಪೀಟಿನ ಆಟಗಳು, ಅಂಕಿಗಳ ಮಾಯಾಚೌಕಗಳು, ಎಲ್ಲಕ್ಕಿಂತ ಮುಖ್ಯವಾಗಿ ಕುದುರೆಯ ಓಟ. ಕುದುರೆ ತನ್ನ ಅಡ್ಡನಡೆಯಲ್ಲೇ ಅರವತ್ತನಾಲ್ಕು ಮನೆಗಳನ್ನೂ ಮೆಟ್ಟಬೇಕು, ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟಬಾರದು. ಈ ಸಮಸ್ಯೆಯಲ್ಲಿ ಎದುರಾಳಿಯಿಲ್ಲ, ರಾಜನನ್ನು ಕಟ್ಟಿಹಾಕುವವರೂ ಇಲ್ಲ. ಇಡೀ ಹಾಸು ನಮ್ಮದೇ, ಒಂದು ಮನೆಯೂ ಬಿಟ್ಟುಹೋಗಬಾರದು ಅಷ್ಟೆ. ರಾಜ್ಯವಿಲ್ಲದ ರಾಜರು ಈ ಲೆಕ್ಕವನ್ನೇ ಮತ್ತೆ ಮತ್ತೆ ಹಿಡಿದು ಕೂತದ್ದು ಬರೀ ವಿನೋದವಾಗಿತ್ತೆಂದು ನಂಬುವುದು ನನಗೆ ಕಷ್ಟ. ಯಾರೂ ಉತ್ತರ ಕೊಡದಿದ್ದಾಗ ಮನುಷ್ಯ ತಾನೇ ಪ್ರಶ್ನೆ ಹಾಕಿಕೊಂಡು ತಾನೇ ಉತ್ತರಿಸುತ್ತಾನೆ. ಆದರೆ ಹಾಗೆ ಗೆದ್ದದ್ದಕ್ಕೆ ಸಾಕ್ಷಿ ಯಾರು?

ಮೊನ್ನೆ ಮಧ್ಯಾಹ್ನದಿಂದಲೇ ಮೋಡ ಕವಿದಿತ್ತು. ಪಾರ್ಕಿಗೆ ಹೋದಾಗ ಬೆಂಚಿನಲ್ಲಿ ಹಿರಿಯರು ಒಬ್ಬರೇ ಇದ್ದರು. ಹಾಸು ಬಿಚ್ಚಿತ್ತು. ಬಿಳಿ ನಡೆಸಿ ಎದ್ದು, ಬೆಂಚಿನ ಆ ತುದಿಗೆ ಹೋಗಿ ಕೂತು, ಬಹಳ ಹೊತ್ತು ಯೋಚಿಸಿ ಕಪ್ಪು ನಡೆಸಿದರು. ಮತ್ತೆ ಎದ್ದು ಈಚೆ ಬಂದರು. ಮಂಡಿನೋವಿನ ಮನುಷ್ಯ, ಪ್ರತಿ ಸಲವೂ ಕೈಯೂರಿಯೇ ಏಳಬೇಕು.

ಟ್ಯೂಷನ್ ಮುಗಿಸಿ ಬರುತ್ತಿದ್ದ ಹುಡುಗನೊಬ್ಬ ಬ್ಯಾಗು ಹೊತ್ತೇ ನಿಂತು ನೋಡಿದ.

'ಯಾರು ಗೆಲ್ತಿದಾರೆ ತಾತ?'

'ಅದೇ ತಿಳೀತಿಲ್ಲ ಕಣಪ್ಪ' ಎಂದವರು ಅರ್ಧ ಆಟವನ್ನು ಅಂಗೈಯಲ್ಲೇ ಸವರಿ ಹಾಕಿ, ಕಾಯಿಗಳನ್ನು ಹೊಸದಾಗಿ ಜೋಡಿಸತೊಡಗಿದರು. ಬಾಟಲಿ ಮುಚ್ಚಳವಿದ್ದ ಕಪ್ಪು ಪಡೆಯನ್ನು ತಮ್ಮ ಕಡೆ ಇಟ್ಟುಕೊಂಡರು. 'ಬ್ಯಾಗು ಕೆಳಗಿಟ್ಟು ಕೂತ್ಕೊ. ಬಿಳಿ ನಿಂದು.'