ಮೌನವು ಒಪ್ಪಿಗೆಯೇ?

ಕೊಂಡ ಸಾಲವನ್ನು ತೀರಿಸಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ವಿವಾದವಿರುವುದು, ಸಾಲವೆಷ್ಟೆಂಬುದನ್ನು ಯಾವ ಬಗೆಯಿಂದ ನಿಶ್ಚಯಿಸಬೇಕೆಂಬಲ್ಲಿ. ಸಾಹುಕಾರನು ಫಿರ್ಯಾದು ಮಾಡುತ್ತಾನೆ, ಪ್ರತಿವಾದಿಯು ಬರುವುದಿಲ್ಲ, ನ್ಯಾಯಾಸ್ಥಾನವು ಏಕತರ್ಫಿ ಡಿಕ್ರಿಯನ್ನು ಕೊಟ್ಟುಬಿಡುತ್ತದೆ. ಮೌನವು ಸಮ್ಮತಿಯ ಲಕ್ಷಣವೆಂಬ ಮಾತಿನ ಆಧಾರವೇ ಇದಕ್ಕೆ. ಕನ್ಯೆಯ ಮೌನಕ್ಕೆ ಈ ಅರ್ಥವನ್ನು ಹಚ್ಚಿ ಹಿರಿಯರು ತಪ್ಪಿದ್ದುಂಟು. ಸಾಲಗಾರನ ಮೌನಕ್ಕೆ ಅದು ಎಷ್ಟರ ಮಟ್ಟಿಗೆ ಸಲ್ಲುವುದು? ಅವನಿಗೆ ಸಮನ್ಸು ಮುಟ್ಟದಿರಬಹುದು, ಮುಟ್ಟಿದರೂ ತಿಳಿಯದಿರಬಹುದು, ತಿಳಿದರೂ ಒಂದು ದಿನದ ಕೂಲಿಯನ್ನು ಬಿಟ್ಟು ಬರಲಾರದವನಾಗಿರಬಹುದು.

1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮೇಲೆ ದಂಗೆಯೆದ್ದಾಗ ಮುಖ್ಯವಾಗಿ ಹುಡುಕಿದ್ದು ಹಣವನ್ನಲ್ಲ, ಸಾಲಪತ್ರಗಳನ್ನು, ಸಿಕ್ಕವನ್ನು ಸುಟ್ಟರು. ಕೋರ್ಟಿನಲ್ಲಿ ತಮ್ಮ ಮಾತಿಗಿಂತ ಆ ಕಾಗದಕ್ಕೇ ಬೆಲೆಯೆಂಬುದನ್ನು ಅವರು ಅರಿತಿದ್ದರು. 1879ರ ದಖ್ಖನ್ ರೈತ ಪರಿಹಾರದ ಕಾನೂನು ಈ ನೋವನ್ನು ಗುರುತಿಸಿತು. ನ್ಯಾಯಾಧೀಶನು ಪತ್ರವನ್ನಷ್ಟೇ ನಂಬದೆ ವ್ಯವಹಾರವನ್ನು ಮೊದಲಿನಿಂದ ಶೋಧಿಸಬೇಕು. ಸಾಲಗಾರನು ಒಪ್ಪಿಕೊಂಡರೂ, ಆ ಒಪ್ಪಿಗೆಯು ನಿಜವಾದುದೆಂದೂ ತನ್ನ ಹಕ್ಕುಗಳನ್ನು ಬಲ್ಲವನು ಕೊಟ್ಟುದೆಂದೂ ಮನಗಾಣದೆ ಶೋಧನೆಯನ್ನು ಬಿಡಬಾರದು. ಬಾಯಿಬಿಟ್ಟು ಹೇಳಿದ ಒಪ್ಪಿಗೆಯನ್ನೇ ಶಂಕಿಸಿದ ಕಾನೂನಿನ ಮುಂದೆ ಮೌನದ ಬೆಲೆಯೇನು! ಸಾಹುಕಾರರೂ ಸುಮ್ಮನಿರಲಿಲ್ಲವೆನ್ನಿ, ಅಡವಿನ ಬದಲು ಕ್ರಯಪತ್ರವನ್ನೇ ಬರೆಯಿಸಿಕೊಳ್ಳುವುದನ್ನು ಕಲಿತರು.

ಇದು ಬಡ ಒಕ್ಕಲಿಗರ ನಾಡಿನ ಕಥೆಯಷ್ಟೇ ಅಲ್ಲ. ಅಮೇರಿಕದಲ್ಲಿ ಲೆಕ್ಕ ದೊರೆತ ಪ್ರದೇಶಗಳ ಸಾಲದ ದಾವೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಏಕತರ್ಫಿಯಾಗಿ ಮುಗಿದವೆಂದು ಪ್ಯೂ ಸಂಸ್ಥೆಯು 2020ರಲ್ಲಿ ವರದಿ ಮಾಡಿತು. ಅಲ್ಲಿ ಅನೇಕ ವೇಳೆ ವಾದಿಯು ಸಾಲ ಕೊಟ್ಟವನಲ್ಲ, ಹಳೆಯ ಬಾಕಿಯನ್ನು ಅಗ್ಗವಾಗಿ ಕೊಂಡವನು. ನ್ಯೂಯಾರ್ಕ್ ಸಂಸ್ಥಾನವು 2021ರ ಕಾನೂನಿನಿಂದ, ಕರಾರುಪತ್ರವನ್ನೂ ಮೂಲ ಸಾಲಿಗನ ಹೆಸರನ್ನೂ ವಾದಿಯು ಮೊದಲೇ ಒಪ್ಪಿಸಬೇಕೆಂದಿತು. ಕಾಲಾವಧಿಯನ್ನು 6 ವರ್ಷಗಳಿಂದ 3ಕ್ಕೆ ಇಳಿಸಿತು. ಕೋರ್ಟಿನಿಂದಲೇ ಇನ್ನೊಂದು ತಿಳಿವಳಿಕೆಯ ಕಾಗದ ಅಂಚೆಯಲ್ಲಿ ಹೋಗಬೇಕು, ಅದು ವಿಳಾಸ ಸಿಗದೆ ಮರಳಿದರೆ ಏಕತರ್ಫಿ ತೀರ್ಪಿಲ್ಲವೆಂದು ವಿಧಿಸಿತು.

ವಸೂಲಿಯು ತಡವಾದರೆ ಬಡವನಿಗೆ ಸಾಲವೇ ಹುಟ್ಟದೆಂಬ ಆಕ್ಷೇಪವು ಹಗುರವಾದುದಲ್ಲ. ಆದರೂ ವಾದಿಯು ಬೇಡುವುದು ತನ್ನ ಹಣವನ್ನಷ್ಟೇ ಅಲ್ಲ, ಸರಕಾರದ ಮುದ್ರೆಯನ್ನೂ ಜಪ್ತಿಯ ಬಲವನ್ನೂ. ಅವನ್ನು ಕೊಡುವ ಮುನ್ನ ಪುರಾವೆ ಕೇಳುವುದು ಪಕ್ಷಪಾತವಾಗಲಾರದು.

ಎರಡನೆಯ ಕಾಗದವೂ ಮುಟ್ಟಿ, ಲಜ್ಜೆಯಿಂದ ಅದನ್ನು ಒಡೆಯದೆ ಗೂಡಿನಲ್ಲಿಟ್ಟವನ ಸಂಗತಿಯು ಉಳಿಯುತ್ತದೆ. 1879ರ ಕಾನೂನು ಅಂಥವನನ್ನು ಕರೆಯಿಸಿ ಸಾಕ್ಷಿಯಂತೆ ವಿಚಾರಿಸಲು ನ್ಯಾಯಾಧೀಶನಿಗೆ ಹೇಳಿತ್ತು. ನ್ಯೂಯಾರ್ಕಿನದು ಅಷ್ಟು ದೂರ ಹೋಗಲಿಲ್ಲ.