ಟವೆಲಿನ ಕೆಳಗಿನ ಬೆರಳು

ದನಗಳ ಜಾತ್ರೆಯಲ್ಲಿ ವ್ಯಾಪಾರ ಕುದುರುವ ಬಗೆಯನ್ನು ನೀವು ಕಂಡಿರಬಹುದು. ಮಾರುವವನೂ ಕೊಳ್ಳುವವನೂ ಒಂದು ಟವೆಲಿನ ಕೆಳಗೆ ಕೈ ಸೇರಿಸುತ್ತಾರೆ. ಹಿಡಿದ ಬೆರಳುಗಳೇ ಬೆಲೆಯನ್ನು ಹೇಳುತ್ತವೆ. ಸುತ್ತ ನಿಂತವರಿಗೆ ಅಂಕಿ ತಿಳಿಯದು. ಬೂವನಹಳ್ಳಿಯ ನಮ್ಮ ಮನೆಯಿಂದ ಚನ್ನರಾಯಪಟ್ಟಣದ ಜಾತ್ರೆಗೆ ಅಪ್ಪನ ಹಿಂದೆ ಹೋಗಿ ನಾನು ಬಾಲ್ಯದಲ್ಲಿ ಕಂಡ ಈ ಟವೆಲು, ಬಹಳ ವರ್ಷಗಳ ಮೇಲೆ, ಬ್ರಿಜ್ ಎಂಬ ಇಸ್ಪೀಟಾಟದ ನಿಯಮಗಳನ್ನು ಓದುವಾಗ ಮತ್ತೆ ನೆನಪಾಯಿತು.

ಇಸ್ಪೀಟೆಂದೊಡನೆ ನಿಮ್ಮ ಹುಬ್ಬು ಗಂಟಿಕ್ಕುವುದು ಸಹಜ. ಯುಗಾದಿಯ ದಿನ ಊರಕಟ್ಟೆಯ ಮೇಲೆ ಹಣ ಕಟ್ಟಿ ಆಡಿ ಬರಿಗೈಯಲ್ಲಿ ಮನೆಗೆ ಬಂದವರನ್ನು ನಾವೆಲ್ಲ ಬಲ್ಲೆವು. ಬ್ರಿಜ್ ಆ ಜಾತಿಯದಲ್ಲ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ನಮ್ಮ ದೇಶಕ್ಕೆ ಚಿನ್ನ ತಂದದ್ದು ಈ ಆಟದಲ್ಲಿಯೇ.

ನಾಲ್ವರು ಆಡುವ ಆಟವಿದು. ಎದುರುಬದುರು ಕುಳಿತ ಇಬ್ಬರು ಜೊತೆಗಾರರು. ತಲಾ 13 ಎಲೆ. ಆಟಕ್ಕೆ ಮುನ್ನ ಹರಾಜು ನಡೆಯುತ್ತದೆ: ಇಂಥ ರಂಗು ತುರುಫಾದರೆ ಇಷ್ಟು ಪಟ್ಟು ಗೆಲ್ಲುತ್ತೇವೆಂದು ಸರದಿಯಂತೆ ಕೂಗಬೇಕು. ಪ್ರತಿಯೊಂದು ಕೂಗೂ ಒಂದು ವಾಗ್ದಾನ. ಜೊತೆಗಾರನಿಗೆ ತನ್ನ ಕೈಯಲ್ಲಿರುವುದನ್ನು ತಿಳಿಸುವ ಸಂದೇಶವೂ ಹೌದು. ಆದರೆ ಕೈಯಲ್ಲಿ ಇಸ್ಪೀಟಿನ ಎಲೆಗಳು ಹೆಚ್ಚಿಲ್ಲದವನೂ ಒಮ್ಮೊಮ್ಮೆ ‘ಒಂದು ಇಸ್ಪೀಟು’ ಎಂದು ಧೈರ್ಯವಾಗಿ ಕೂಗುವುದುಂಟು. ಇಸ್ಪೀಟು ಹಿಡಿದ ಎದುರಾಳಿ ಬೆಚ್ಚಿ ಹಿಂಜರಿಯಲಿ ಎಂಬುದೇ ಅದರ ಹಂಚಿಕೆ. ಇದಕ್ಕೆ ‘ಸೈಕಿಕ್’ ಕೂಗು ಎನ್ನುತ್ತಾರೆ. 1932ರಲ್ಲಿ ಡೊರೊತಿ ರೈಸ್ ಸಿಮ್ಸ್ ಎಂಬ ಅಮೆರಿಕದ ಮಹಿಳೆ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಇದು ಸುಳ್ಳಲ್ಲವೇ? ಪರಿಹಾಸ್ಯದ ಮಾತನ್ನು ಸುಳ್ಳೆಂದು ಎಣಿಸಬೇಕಾಗಿಲ್ಲ ಎಂದರು ಸಂತ ಅಗುಸ್ತೀನರು. ಅದರ ಧಾಟಿಯಲ್ಲಿಯೇ ವಂಚನೆಯಿಲ್ಲವೆಂಬುದು ತಿಳಿಯುತ್ತದೆ. ಈ ಕೂಗಿನ ಗುರಿಯಾದರೋ ವಂಚನೆಯೇ. ಯುದ್ಧದ ಹೊಂಚನ್ನು ವಿಚಾರಿಸುತ್ತ ಸಂತ ತೋಮಸ್ ಅಕ್ವಿನಾಸರು, ಶತ್ರುವಿಗೂ ಸುಳ್ಳಾಡಲಾಗದು, ಕೊಟ್ಟ ಮಾತಿಗೆ ತಪ್ಪಲಾಗದು, ಆದರೆ ನಮ್ಮ ಉಪಾಯವನ್ನು ಬಚ್ಚಿಡಬಹುದು ಎಂದರು. ಈ ಅಳತೆಗೋಲು ಹಿಡಿದರೂ ನಮ್ಮ ಕೂಗು ಗೆರೆಯ ಮೇಲೆಯೇ ನಿಲ್ಲುತ್ತದೆ.

ಆದರೆ ಬ್ರಿಜ್‌ನ ನಿಯಮ ಕೇಳುವ ಪ್ರಶ್ನೆಯೇ ಬೇರೆ. ಹುಸಿಕೂಗನ್ನು ಅದು ನಿಷೇಧಿಸುವುದಿಲ್ಲ. ಒಂದೇ ಷರತ್ತು: ಅದು ಹುಸಿಯೆಂದು ತಿಳಿಯಲು ಎದುರಾಳಿಗಿಂತ ಹೆಚ್ಚಿನ ಕಾರಣ ನಿನ್ನ ಜೊತೆಗಾರನಿಗೂ ಇರಕೂಡದು. ಕೂಗಿನ ಅರ್ಥವೇನೆಂದು ಎದುರಾಳಿ ಕೇಳಿದರೆ ಉತ್ತರಿಸಬೇಕಾದವನು ಆ ಜೊತೆಗಾರನೇ. ತಮ್ಮ ನಡುವಣ ಒಪ್ಪಂದವನ್ನು ಆತ ಪ್ರಾಮಾಣಿಕವಾಗಿ ತಿಳಿಸಬೇಕು. ಹುಸಿ ಹೇಳುವವನು ತನ್ನವನನ್ನೂ ಅಪಾಯಕ್ಕೆ ಒಡ್ಡಿ, ಒಂಟಿಯಾಗಿ ಹೇಳಬೇಕು. ಜೊತೆಗಾರ ನಂಬಿ ಹರಾಜನ್ನು ಏರಿಸಿದರೆ ಸೋಲು ಇಬ್ಬರದೂ. ಅದೇ ಹುಸಿಯನ್ನು ಪದೇ ಪದೇ ಕೂಗಿದರೆ ಜೊತೆಗಾರನಿಗೆ ವಾಸನೆ ಹತ್ತುತ್ತದೆ; ಆಗ ಅದು ಅವರಿಬ್ಬರ ಒಪ್ಪಂದವೆಂದೇ ಗಣನೆ, ಬಯಲುಮಾಡದಿದ್ದರೆ ಅಪರಾಧ. ಈ ನಿಯಮವನ್ನು ಬರೆದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರು ಎಂದು ನನಗನ್ನಿಸುತ್ತದೆ.

1965ರಲ್ಲಿ ಬ್ಯೂನಸ್ ಐರಿಸ್ ನಗರದ ವಿಶ್ವಸ್ಪರ್ಧೆಯಲ್ಲಿ ಬ್ರಿಟನ್ನಿನ ರೀಸ್ ಮತ್ತು ಶಪೀರೊ ಎಂಬ ಜೋಡಿಯ ಮೇಲೆ ಬಂದ ಆರೋಪ ಹುಸಿಕೂಗಿನದಲ್ಲ. ಎಲೆಗಳನ್ನು ಹಿಡಿದ ಬೆರಳುಗಳ ಸಂಖ್ಯೆಯಿಂದ ತಮ್ಮಲ್ಲಿರುವ ಆಟೀನುಗಳೆಷ್ಟೆಂದು ಪರಸ್ಪರ ತಿಳಿಸಿದರು ಎಂಬುದೇ ದೂರು. ವಿಶ್ವ ಒಕ್ಕೂಟ ಅವರನ್ನು ತಪ್ಪಿತಸ್ಥರೆಂದಿತು. ಬ್ರಿಟನ್ನಿನಲ್ಲಿ ನಡೆದ ವಿಚಾರಣೆ ಆರೋಪ ರುಜುವಾತಾಗಲಿಲ್ಲವೆಂದಿತು. ವಾದ ಇಂದಿಗೂ ಮುಗಿದಿಲ್ಲ. ನೋಡಿ, ಬಾಯಿಂದ ಹುಸಿ ಕೂಗಬಹುದಾದ ಆಟದಲ್ಲಿ, ಬೆರಳಿಂದ ನಿಜ ಹೇಳಿದ್ದೇ ಮೋಸವಾಯಿತು!

ಈಗ ನಮ್ಮ ಮನೆಗಳಿಗೆ ಬನ್ನಿ. ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ‘ಅಪ್ಪ ಇಲ್ಲ ಅಂತ ಹೇಳು’ ಎಂದು ಮಗುವನ್ನು ಕಳುಹಿಸುತ್ತೇವಲ್ಲ, ಅಲ್ಲಿ ಮಾತೊಂದು ಹುಸಿಯಾಯಿತು ಎಂಬುದಷ್ಟೇ ವಿಷಯವೇ? ನಾವು ಒಂಟಿಯಾಗಿ ಹೊರಬೇಕಾದ ಹುಸಿಗೆ ಒಬ್ಬ ಪಾಲುದಾರನನ್ನು ಸೇರಿಸಿಕೊಂಡೆವು.

ಅಂದು ಜಾತ್ರೆಯಲ್ಲಿ ನನಗೆ ಎಂಟು ವರ್ಷ. ಟವೆಲಿನ ಕೆಳಗೆ ಬೆರಳುಗಳು ಹಿಡಿದು ಬಿಟ್ಟು ಸಾಕಾಗಿ, ಅಪ್ಪ ಬಾಯಿಬಿಟ್ಟೇ ಹೇಳಿದರು: “ಬೆಳಿಗ್ಗೆ ಒಬ್ಬರು ಇದಕ್ಕಿಂತ ಇನ್ನೂರು ಹೆಚ್ಚಿಗೆ ಕೇಳಿ ಹೋದರು. ಬೇಕಾದರೆ ನನ್ನ ಮಗನನ್ನೇ ಕೇಳಿ.” ಬೆಳಗಿನಿಂದ ಯಾರೂ ಬಂದಿರಲಿಲ್ಲ. ಕೊಳ್ಳುವವರು ವಯಸ್ಸಾದವರು, ಅಪ್ಪನ ಮಾತಿಗೆ ಸುಮ್ಮನೆ ನಕ್ಕರು. ಮಾರುವವನ ಮಾತಿನಲ್ಲಿ ಎಷ್ಟು ಕಳೆಯಬೇಕೆಂಬುದು ಅವರಿಗೆ ಗೊತ್ತಿತ್ತು. ಬಳಿಕ ನನ್ನತ್ತ ತಿರುಗಿದರು. ನನ್ನ ಮುಖ ನೋಡುವಾಗ ಅವರು ಏನನ್ನೂ ಕಳೆಯಲಿಲ್ಲ.

ನಾನು ತಲೆಯಾಡಿಸಿದೆ.

ವ್ಯಾಪಾರ ಮುಗಿಯಿತು. ಹಾಸನದ ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಅವರು ಕೊಡಿಸಿದ ಬೆಂಡು ಬತ್ತಾಸಿನ ಪೊಟ್ಟಣ ನನ್ನ ತೊಡೆಯ ಮೇಲಿತ್ತು. ಬೂವನಹಳ್ಳಿ ಮುಟ್ಟುವವರೆಗೂ ನಾನು ಅದನ್ನು ಬಿಚ್ಚಲಿಲ್ಲ. ಏಕೆಂದು ಅವರೂ ಕೇಳಲಿಲ್ಲ.