ಭಾರ ಇಳಿಸುವ ಹಕ್ಕು

ಭಾರ ಎತ್ತುವುದು ವ್ಯಾಯಾಮವೊ, ಶಿಕ್ಷೆಯೊ, ಹೊಟ್ಟೆಪಾಡೊ? ಇದೂ ಒಂದು ಪ್ರಶ್ನೆಯೇ ಎಂದು ನಗುವವರು ಇರಬಹುದು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮ ಊರುಗಳಲ್ಲಿ ಈ ಪ್ರಶ್ನೆ ದಿನಾ ಕಣ್ಣಿಗೆ ಬೀಳುತ್ತದೆ. ಜಾತ್ರೆಯಲ್ಲಿ ಪೈಲ್ವಾನನೊಬ್ಬ ಜೋಳದ ಚೀಲ ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆದರೆ ಜನ ಸಿಳ್ಳೆ ಹೊಡೆಯುತ್ತಾರೆ, ರುಮಾಲು ಸುತ್ತುತ್ತಾರೆ, ಬೆಳ್ಳಿ ಕಡಗ ತೊಡಿಸುತ್ತಾರೆ. ಹಲಗೆ ಬಡಿಯಲಿಕ್ಕೆ ನಮ್ಮ ಕೇರಿಯವರು ಇದ್ದೇ ಇರುತ್ತಾರೆ. ಮರುದಿನ ಪೇಟೆಯಲ್ಲಿ ಅಂಥದೇ ಚೀಲವನ್ನು ಹಮಾಲನೊಬ್ಬ ನೂರು ಸಲ ಹೊತ್ತರೂ ಅವನ ಹೆಸರು ಏನೆಂದು ಯಾರೂ ಕೇಳುವುದಿಲ್ಲ. ಇತ್ತ ಊರಿಗೆ ಹೊಸದಾಗಿ ಬಂದ ಜಿಮ್ಮಿನಲ್ಲಿ ಇನ್ನೊಬ್ಬ ತಿಂಗಳಿಗಿಷ್ಟು ಅಂತ ರೊಕ್ಕ ಕಟ್ಟಿ ಭಾರ ಎತ್ತುತ್ತಾನೆ. ಮೂವರ ಬೆನ್ನೂ ಎಲುಬಿನದೇ, ಮೂವರ ಬೆವರೂ ಉಪ್ಪೇ. ಆದರೆ ಒಬ್ಬನಿಗೆ ಕಡಗ, ಒಬ್ಬನಿಗೆ ಕೂಲಿ, ಒಬ್ಬನಿಗೆ ಆರೋಗ್ಯ. ಯಾಕೆ ಹೀಗೆ?

ಮೇಲ್ಜಾತಿಯ ಜಾಣತನ ಇದಕ್ಕೆ ಬಹಳ ಹಿಂದೆಯೇ ಉತ್ತರ ತಯಾರಿಸಿ ಇಟ್ಟುಕೊಂಡಿದೆ. "ಅಂವಾ ಹೊಲದಾಗ ದುಡಿಯೋಂವ. ಅವಗ್ಯಾತರ ಕಸರತ್ತು? ಮೈ ತಾನಾ ಗಟ್ಟಿ ಇರತೈತಿ." ಕೇಳಲಿಕ್ಕೆ ಇದು ಹೊಗಳಿಕೆಯಂತೆಯೇ ಇದೆ. ಆದರೆ ದುಡಿಯುವವನ ಮೈ ಕಲ್ಲಿನದು, ಅದಕ್ಕೆ ನೋವಿಲ್ಲ, ವಿಶ್ರಾಂತಿ ಬೇಡ, ಆಟ ಬೇಡ ಎಂಬ ಕ್ರೂರ ನಂಬಿಕೆ ಈ ಮಾತಿನ ಹೊಟ್ಟೆಯೊಳಗೆ ಕೂತಿದೆ. ಎತ್ತಿನ ಬಗ್ಗೆಯೂ ಹೀಗೇ ಮಾತಾಡುತ್ತಾರೆ. ಎತ್ತಿಗಾದರೂ ಸಂಜೆ ಬೆನ್ನು ನೀವಿ ಹಿಂಡಿ ಇಡುತ್ತಾರೆ.

ಈ ನಂಬಿಕೆ ಎಷ್ಟು ಸುಳ್ಳು ಎಂಬುದನ್ನು ಕಸರತ್ತಿನ ಸಲಕರಣೆಗಳ ಚರಿತ್ರೆಯೇ ಹೇಳುತ್ತದೆ. ಇವತ್ತು ಜಿಮ್ಮುಗಳಲ್ಲಿ ಓಡುವವರ ಕಾಲಡಿ ತಿರುಗುವ ಟ್ರೆಡ್‌ಮಿಲ್ ಹುಟ್ಟಿದ್ದು ಆಸ್ಪತ್ರೆಯಲ್ಲೂ ಅಲ್ಲ, ಆಟದ ಬಯಲಲ್ಲೂ ಅಲ್ಲ, ಜೈಲಿಗಾಗಿ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಕೈದಿಗಳನ್ನು ದುಡಿಸಲಿಕ್ಕೆಂದು ಮೆಟ್ಟಿಲುಗಳಿರುವ ದೊಡ್ಡ ಚಕ್ರವನ್ನು ರೂಪಿಸಿದ. ಕೈದಿಗಳು ಸಾಲಾಗಿ ನಿಂತು ಆ ಮೆಟ್ಟಿಲು ಹತ್ತಬೇಕು. ಹತ್ತಿದಷ್ಟೂ ಮೆಟ್ಟಿಲು ಕೆಳಗೆ ಇಳಿಯುತ್ತದೆ. ಗಂಟೆಗಟ್ಟಲೆ ಹತ್ತಿದರೂ ಮನುಷ್ಯ ಇದ್ದಲ್ಲೇ ಇರುತ್ತಾನೆ. ಕೆಲವು ಕಡೆ ಅದು ಕಾಳು ಬೀಸುತ್ತಿತ್ತು, ನೀರು ಎತ್ತುತ್ತಿತ್ತು. ಹಲವು ಕಡೆ ಬರೀ ಗಾಳಿ ಬೀಸುತ್ತಿತ್ತು. 1898ರ ಜೈಲು ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಈ ಶಿಕ್ಷೆ ನಿಂತಿತು. ಅರ್ಧ ಶತಮಾನ ಕಳೆದು, 1952ರಲ್ಲಿ, ಅಮೆರಿಕದ ರಾಬರ್ಟ್ ಬ್ರೂಸ್ ಎಂಬ ವೈದ್ಯ ಮತ್ತು ವೇಯ್ನ್ ಕ್ವಿಂಟನ್ ಎಂಬ ಎಂಜಿನಿಯರ್ ಓಡುವ ಪಟ್ಟಿಯ ಯಂತ್ರವನ್ನು ಹೃದಯ ಪರೀಕ್ಷೆಗೆ ತಂದರು. ಅರವತ್ತರ ದಶಕದ ಕೊನೆಗೆ ವಿಲಿಯಂ ಸ್ಟಾಬ್ ಎಂಬಾತ ಅದನ್ನು ಮನೆಯಲ್ಲಿಟ್ಟುಕೊಳ್ಳುವಷ್ಟು ಸರಳ ಮಾಡಿದ. ಶಿಕ್ಷೆ ಸುಖಿಗಳ ಮನೆಗೆ ಬಂದು ಆರೋಗ್ಯವಾಯಿತು.

ಬದಲಾದದ್ದು ಏನು? ಆಗಲೂ ಮನುಷ್ಯ ಇದ್ದಲ್ಲೇ ನಡೆಯುತ್ತಿದ್ದ, ಈಗಲೂ ನಡೆಯುತ್ತಾನೆ. ಬದಲಾದದ್ದು ನಿಲ್ಲಿಸುವ ಗುಂಡಿ. ಜೈಲಿನ ಚಕ್ರ ನಿಲ್ಲಿಸುವ ಅಧಿಕಾರ ಜೈಲರನ ಕೈಯಲ್ಲಿತ್ತು. ಜಿಮ್ಮಿನ ಯಂತ್ರದಲ್ಲಿ ಆ ಕೆಂಪು ಗುಂಡಿ ಓಡುವವನ ಕೈಗೆ ಎಟುಕುವಲ್ಲೇ ಇದೆ. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಭಾರ ಎಷ್ಟು ಕಿಲೋ ಎಂಬುದರಿಂದ ಅದು ವ್ಯಾಯಾಮವೊ ಶಿಕ್ಷೆಯೊ ಎಂದು ತೀರ್ಮಾನವಾಗುವುದಿಲ್ಲ. ಅದನ್ನು ಇಳಿಸುವ ಹಕ್ಕು ಯಾರ ಕೈಯಲ್ಲಿದೆ ಎಂಬುದರಿಂದ ತೀರ್ಮಾನವಾಗುತ್ತದೆ.

ಈ ಮಾತನ್ನು ವಿಜ್ಞಾನವೂ ಬೇರೆ ದಾರಿಯಿಂದ ಮುಟ್ಟಿದೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರೀಕ್ಷಿಸಿದ. ದಿನವಿಡೀ ಕೂತಿರುವ ಡ್ರೈವರನಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರನಿಗೆ ಹೃದಯಾಘಾತ ಕಡಿಮೆ ಎಂದು ತೋರಿಸಿದ. ಮೈ ಆಡಿದರೆ ಗುಂಡಿಗೆ ಗಟ್ಟಿ ಎಂಬ ಮಾತಿಗೆ ಅದು ಬುನಾದಿಯಾಯಿತು. ಹಾಗಿದ್ದರೆ ನಮ್ಮ ಕೂಲಿಕಾರರೇ ನೂರು ವರ್ಷ ಬಾಳಬೇಕಿತ್ತಲ್ಲ? 2021ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಲಕ್ಷಕ್ಕೂ ಮಿಕ್ಕಿದ ಜನರ ಲೆಕ್ಕ ಇಟ್ಟು ಪ್ರಕಟಿಸಿದ್ದು ಬೇರೆಯೇ ಮಾತು. ಬಿಡುವಿನಲ್ಲಿ ಮೈ ದಣಿಸಿದವರಿಗೆ ಹೃದ್ರೋಗ, ಸಾವು ಕಡಿಮೆ. ಕೆಲಸದಲ್ಲಿ ಬಹಳ ಮೈ ದಣಿಸಿದವರಿಗೆ ಹೆಚ್ಚು. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ, ನಿಜ. ಆದರೆ ಅವರು ಊಹಿಸುವ ಕಾರಣಗಳನ್ನು ನೋಡಿ: ಗಂಟೆಗಟ್ಟಲೆ ಬಿಡುವಿಲ್ಲದ ದುಡಿಮೆ, ರಾತ್ರಿಯೂ ಇಳಿಯದ ರಕ್ತದೊತ್ತಡ, ಸುಸ್ತಾದಾಗ ನಿಲ್ಲುವ ಅಧಿಕಾರ ಇಲ್ಲದಿರುವುದು. ನಮ್ಮ ಹಮಾಲರನ್ನು ಕೇಳಿದರೆ ಇದನ್ನೇ ಎರಡು ಮಾತಲ್ಲಿ ಹೇಳಿಯಾರು: "ಲಾರಿ ತುಂಬೋ ತನಕ ಕುಂಡ್ರಂಗಿಲ್ರಿ. ಕುಂತ್ರ ಪಗಾರ ಇಲ್ಲ."

ಇನ್ನು ನಮ್ಮ ಸೀಮೆಯ ಗರಡಿಮನೆಗೆ ಬರೋಣ. ಇಲ್ಲಿಯ ಸಲಕರಣೆಗಳು ಯಾವ ಕಂಪನಿಯಿಂದಲೂ ಬಂದವಲ್ಲ. ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಹಗ್ಗ, ಮಲ್ಲಕಂಬ, ತಿರುವುವ ಮರದ ಮುದ್ಗರ. ಈ ಮುದ್ಗರವನ್ನು ಕಂಡ ಬ್ರಿಟಿಷ್ ಅಧಿಕಾರಿಗಳು ಅದನ್ನು ತಮ್ಮ ದೇಶಕ್ಕೆ ಒಯ್ದು 'ಇಂಡಿಯನ್ ಕ್ಲಬ್' ಅಂತ ಕರೆದರು. 1904 ಮತ್ತು 1932ರ ಒಲಿಂಪಿಕ್ಸಿನಲ್ಲಿ ಅದನ್ನು ತಿರುವುವ ಸ್ಪರ್ಧೆಯೂ ಇತ್ತು. ಕಲ್ಲು ಕಡಿದ ಒಡ್ಡ, ಮರ ಕೆತ್ತಿದ ಬಡಿಗ, ಹಗ್ಗ ಹೊಸೆದವನ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಕ್ಯೂಬಿಟ್‌ನ ಹೆಸರು ಉಳಿದಿದೆ.

ಗರಡಿಯ ಬಗ್ಗೆ ಸುಮ್ಮನೆ ಹೆಮ್ಮೆ ಪಡುವುದೂ ನಮ್ಮಿಂದಾಗದು. ಕುಸ್ತಿ ಎಂದರೆ ಮುಟ್ಟುವ ಆಟ. ಮೈಗೆ ಮೈ ತಾಗದೆ, ಒಬ್ಬನ ಬೆವರು ಇನ್ನೊಬ್ಬನ ಮೈಗೆ ಹತ್ತದೆ ಕುಸ್ತಿ ಇಲ್ಲ. ಅಸ್ಪೃಶ್ಯತೆಗೆ ಇದಕ್ಕಿಂತ ದೊಡ್ಡ ಶತ್ರು ಯಾವುದಿದ್ದೀತು? ಆದ್ದರಿಂದಲೇ ಎಷ್ಟೋ ಊರುಗಳಲ್ಲಿ ಗರಡಿಯ ಕೆಂಪು ಮಣ್ಣನ್ನು ನಮ್ಮ ಹುಡುಗರು ದೂರ ನಿಂತೇ ನೋಡಬೇಕಾಯಿತು. ಹುಕ್ಕೇರಿಯಿಂದ ಬಹಳ ದೂರವೇನೂ ಇಲ್ಲದ ಕೊಲ್ಹಾಪುರದಲ್ಲಿ 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದ ಶಾಹೂ ಮಹಾರಾಜರೇ 1902ರಲ್ಲಿ ಹಿಂದುಳಿದವರಿಗೆ ಶೇಕಡಾ 50ರ ಮೀಸಲಾತಿ ತಂದವರು, 1920ರ ಮಾಣಗಾಂವ್ ಪರಿಷತ್ತಿನಲ್ಲಿ ಯುವಕ ಅಂಬೇಡ್ಕರರ ಜೊತೆ ನಿಂತವರು. ಪೈಲ್ವಾನನ ಮೈಯನ್ನು ಪ್ರೀತಿಸಿದ ರಾಜನಿಗೆ ಅಸ್ಪೃಶ್ಯನ ಮೈಯ ಅವಮಾನವೂ ಕಂಡಿತು ಎಂದರೆ ತಪ್ಪಾಗಲಾರದು.

ಎಲ್ಲರಿಗೂ ಹಾಗೆ ಕಾಣಲಿಲ್ಲ. 1870ರ ದಶಕದಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಚಮ್ಮಾರ ಜಾತಿಯವರು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಅವರ ಕೆಲಸ ಬಲೆಯೊಳಗೆ ಸಾಹೇಬರಿಗೆ ಗಂಟೆಗಟ್ಟಲೆ ಚೆಂಡು ಎಸೆಯುವುದು. ಸಾಹೇಬರ ಕೈ ಪಳಗಲಿಕ್ಕೆ ಅವರ ತೋಳು ಬೇಕು, ಬ್ಯಾಟು ಮಾತ್ರ ಅವರ ಕೈಗೆ ಸಿಗುತ್ತಿದ್ದುದು ಅಪರೂಪ. ಅಂದರೆ ಮನುಷ್ಯನೇ ಇನ್ನೊಬ್ಬರ ಕಸರತ್ತಿನ ಸಲಕರಣೆಯಾದ! ಮುಂದೆ ಹಿಂದೂಗಳ ತಂಡಕ್ಕೆ ಸೇರಿಸಿಕೊಂಡಾಗಲೂ ಚಹಾ ಮಾತ್ರ ಹೊರಗೆ, ಬೇರೆ ಕಪ್ಪಿನಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 114 ವಿಕೆಟ್ ತೆಗೆದರೂ ನಾಯಕತ್ವ ಸಿಗಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠಲನಿಗೆ ಸಿಕ್ಕಿತು, ಅದೂ ಹೋರಾಟದ ನಂತರ.

ಈಗ ಸಲಕರಣೆಯ ರಚನೆಯನ್ನೇ ನೋಡೋಣ. ಜಿಮ್ಮಿನ ಯಂತ್ರದ ಮುಂದೆ ನಿಂತರೆ ಮನುಷ್ಯನ ಬುದ್ಧಿಗೆ ಕೈ ಮುಗಿಯಬೇಕೆನಿಸುತ್ತದೆ. ಹಿಡಿಕೆಗೆ ಮೆತ್ತನೆಯ ರಬ್ಬರು. ಕೂತವನ ಎತ್ತರಕ್ಕೆ ತಕ್ಕಂತೆ ಏರಿಳಿಯುವ ಪೀಠ. ಒಂದು ಕಡ್ಡಿ ಸಿಕ್ಕಿಸಿದರೆ ಐದೈದು ಕಿಲೋ ಲೆಕ್ಕದಲ್ಲಿ ಏರುವ ಭಾರ. ಕೈ ಸೋತರೆ ಕಬ್ಬಿಣ ಎದೆ ಮೇಲೆ ಬೀಳದಂತೆ ತಡೆಯುವ ಕೊಕ್ಕೆ. ಬೆನ್ನು ಹೇಗಿರಬೇಕು ಎಂದು ತೋರಿಸುವ ಚಿತ್ರ. ಇದೆಲ್ಲ ಮೈಯ ಮೇಲಿನ ಗೌರವ. ಇನ್ನು ಕೂಲಿಯ ಸಲಕರಣೆ ನೋಡಿ. ಅಂಗೈಗೆ ಬೊಬ್ಬೆ ತರುವ ಗುದ್ದಲಿಯ ಕಾವು. ನಡ ಬಗ್ಗಿಸದೆ ಗುಡಿಸಲಿಕ್ಕಾಗದ ಮೋಟು ಕಸಬರಿಗೆ. ತಲೆಯ ಮೇಲೊಂದು ಸಿಂಬೆ, ಅದರ ಮೇಲೆ ಬುಟ್ಟಿ. ನಮ್ಮ ಮೂರು ತಾಲೂಕುಗಳ ಕಬ್ಬಿನ ಗದ್ದೆಗಳಲ್ಲಿ ಹೆಣ್ಣುಮಕ್ಕಳು ಹೊರೆ ಹೊತ್ತು, ಓರೆಯಾಗಿ ಇಟ್ಟ ಇಕ್ಕಟ್ಟಾದ ಹಲಗೆಯ ಮೇಲೆ ಕಾಲಿಟ್ಟು ಟ್ರ್ಯಾಕ್ಟರ್ ಟ್ರೇಲರ್ ಹತ್ತುತ್ತಾರೆ. ಹಿಡಿಯಲಿಕ್ಕೆ ಕಂಬಿಯಿಲ್ಲ, ಬಿದ್ದರೆ ತಡೆಯುವ ಕೊಕ್ಕೆಯಿಲ್ಲ. ಕ್ಯೂಬಿಟ್‌ನ ಚಕ್ರಕ್ಕಾದರೂ ಹಿಡಿಕೆ ಇತ್ತು! ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಳ್ಳುವ ಸ್ಥಿತಿಗೆ ಬಂದದ್ದು 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಕೆಲಸಕ್ಕೆ ತಕ್ಕಂತೆ ಸಲಕರಣೆ ಬದಲಾಗಲಿಲ್ಲ, ಸಲಕರಣೆಗೆ ತಕ್ಕಂತೆ ಹೆಣ್ಣಿನ ಮೈಯನ್ನೇ ಕೊಯ್ದರು.

ಬುದ್ಧಿ ಇರಲಿಲ್ಲ ಅನ್ನಬೇಡಿ. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸಿನಲ್ಲಿ ಆ ನೀರಿನ ಬಲವನ್ನು ಹಿಡಿದು ನೂಲಿನ ಗಿರಣಿ ತಿರುಗಿಸುವ ಬುದ್ಧಿ 1887ರಷ್ಟು ಹಿಂದೆಯೇ ಇತ್ತು. ಲಾಭ ಕಂಡಲ್ಲಿ ಬುದ್ಧಿ ಓಡಿತು. ಕಾಣದಲ್ಲಿ ಕುಂಟಿತು. ಗಾಲಿಯನ್ನು ಮನುಷ್ಯ ಕಂಡುಹಿಡಿದು ಐದು ಸಾವಿರ ವರ್ಷಗಳಾದವು. ಮಲ ಹೊರುವವನ ತಲೆಯಿಂದ ಬುಟ್ಟಿ ಇಳಿಸಿ ಅದಕ್ಕೆ ಗಾಲಿ ಹಚ್ಚಿರಿ ಎಂದು ಶಿಫಾರಸು ಮಾಡಲಿಕ್ಕೆ 1960ರ ಮಲ್ಕಾನಿ ಸಮಿತಿಯ ವರದಿ ಬರಬೇಕಾಯಿತು! ಕರ್ನಾಟಕದಲ್ಲಿ ಎಪ್ಪತ್ತರ ದಶಕದ ಆರಂಭದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಗಾಲಿ ಹಚ್ಚಲು ಇಷ್ಟು ತಡವಾದದ್ದಕ್ಕೆ ಎಂಜಿನಿಯರರ ಕೊರತೆ ಕಾರಣವಲ್ಲ. ಆ ತಲೆ ಯಾರದು ಎಂಬುದು ಕಾರಣ. ಜಾತಿ ಅನ್ನೋದು ಮನುಷ್ಯನ ಕಲ್ಪನೆಯನ್ನೂ ಕುಂಟು ಮಾಡುವ ರೋಗ.

ಕಾಯಕ ಎಂಬ ನಮ್ಮ ದೊಡ್ಡ ಮಾತಿನೊಳಗೆ ಕಾಯ ಇದೆ. ಶರಣರ ಕಥೆಯಲ್ಲಿ ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ವಾಪಸು ಕಳಿಸುತ್ತಾಳೆ. ಇಷ್ಟು ಸಾಕು ಎಂದು ಅಳತೆ ಹಾಕಿದವಳು ದುಡಿಯುವ ಹೆಣ್ಣೇ. ಅಳತೆ ದುಡಿಯುವವರ ಕೈಯಲ್ಲಿದ್ದರೆ ಕಾಯಕ. ಧಣಿಯ ಕೈಯಲ್ಲಿದ್ದರೆ ಬಿಟ್ಟಿ ಚಾಕರಿ. ಬೆವರೇ ಪವಿತ್ರ ಎಂದು ಭಾಷಣ ಬಿಗಿಯುವವರು ಈ ಅಳತೆಯ ಮಾತು ಬಂದಾಗ ಬಾಯಿ ಮುಚ್ಚುತ್ತಾರೆ. ಬಾಬಾಸಾಹೇಬರು ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಕಾಲದಲ್ಲಿ, 1946ರ ತಿದ್ದುಪಡಿ ಕಾಯ್ದೆ ಕಾರ್ಖಾನೆಯ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿತು. ನಮ್ಮ ದೃಷ್ಟಿಯಲ್ಲಿ ದುಡಿಯುವ ಮೈಗೆ ಸಿಕ್ಕ ದೊಡ್ಡ ವ್ಯಾಯಾಮದ ಸಲಕರಣೆ ಆ ಆರು ಗಂಟೆಗಳ ಬಿಡುವು. 2023ರಲ್ಲಿ ಕರ್ನಾಟಕದ ವಿಧಾನಸಭೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡುವ ತಿದ್ದುಪಡಿ ಒಪ್ಪಿತು. ಚಕ್ರ ಹಿಂದಕ್ಕೂ ತಿರುಗುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಜಿಮ್ಮು ಬೇಡ, ಕಸರತ್ತು ಉಳ್ಳವರ ಶೋಕಿ ಅನ್ನೋಣವೆ? ಖಂಡಿತ ಇಲ್ಲ. ಕೂಲಿ ಮಾಡುವ ಮೈಗೂ ತನ್ನ ಖುಷಿಗಾಗಿ ಓಡುವ, ಜಿಗಿಯುವ, ಭಾರ ಎತ್ತಿ ತನಗೆ ಬೇಕಾದಾಗ ಇಳಿಸುವ ಹಕ್ಕಿದೆ. ಗೋಕಾಕದ ಕರದಂಟು ಪೈಲ್ವಾನನಿಗೂ ಬಾಣಂತಿಗೂ ಬಲ ಕೊಡುವ ತಿನಿಸು ಅಂತ ಹೆಸರಾಗಿದೆ. ಬೆಲ್ಲ, ಅಂಟು, ಉತ್ತತ್ತಿ, ಗೋಡಂಬಿ ತಿಂದ ಮೈಗೆ ಮಾತ್ರ ಕಸರತ್ತು, ಬೆಲ್ಲಕ್ಕಾಗಿ ಕಬ್ಬು ಕಡಿದ ಬಾಣಂತಿಗೆ ಬರೀ ರೊಟ್ಟಿ ಎಂಬ ವ್ಯವಸ್ಥೆಯನ್ನು ನಾವು ಒಪ್ಪುವುದಿಲ್ಲ.

ಹಳ್ಳಿಯ ಶಾಲೆಗಳ ಗೆಳೆಯ ಗೆಳತಿಯರಲ್ಲಿ ನಮ್ಮ ಕೋರಿಕೆ ಇದು. ತಕ್ಕಡಿಯೊಂದನ್ನು ತಂದು, ಮಕ್ಕಳ ಕೈಯಲ್ಲಿ ಊರಿನ ಭಾರ ತೂಗಿಸಿ. ಅವ್ವ ತರುವ ನೀರಿನ ಕೊಡ ಎಷ್ಟು, ಕಬ್ಬಿನ ಹೊರೆ ಎಷ್ಟು, ಪೇಟೆಯ ಚೀಲ ಎಷ್ಟು, ದಿನಕ್ಕೆ ಎಷ್ಟು ಸಲ, ನಡುವೆ ಎಷ್ಟು ಹೊತ್ತು ಬಿಡುವು. ಗೋಡೆಯ ಮೇಲೆ ಬರೆಯಿರಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದು, ಹೆಣ್ಣಾಳಿಗೆ ಅದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು ಎಂದಿತ್ತು; ಅದನ್ನೂ ಪಕ್ಕದಲ್ಲಿ ಬರೆಯಿರಿ. ಆಮೇಲೆ ಮಕ್ಕಳನ್ನು ಕೇಳಿ: ಈ ಹೊರೆಗೆ ಹಿಡಿಕೆ ಹೇಗೆ ಹಚ್ಚೋಣ? ಈ ಹಲಗೆಗೆ ಕಂಬಿ, ಅಡ್ಡಪಟ್ಟಿ ಎಲ್ಲಿ ಬಡಿಯೋಣ? ಕಸಬರಿಗೆಯ ಕೋಲು ಎಷ್ಟು ಉದ್ದ ಇರಬೇಕು? ಕಮ್ಮಾರನಿಗೂ ಬಡಿಗನಿಗೂ ಇದು ಒಂದು ದಿನದ ಕೆಲಸ. ಶಾಲೆಯ ಬಯಲಿನಲ್ಲೇ ಒಂದು ಗರಡಿಯೂ ಆಗಲಿ. ಮರಳಿನ ಚೀಲ, ಹಗ್ಗ, ತೂಕ ಬರೆದ ಕಲ್ಲುಗುಂಡು ಸಾಕು. ಕೇರಿಯ ಹುಡುಗರೂ ಊರಿನ ಹುಡುಗರೂ ಒಂದೇ ಮಣ್ಣಿನಲ್ಲಿ ಕುಸ್ತಿ ಹಿಡಿಯಲಿ, ಹುಡುಗಿಯರೂ ಕಲ್ಲು ಎತ್ತಲಿ.

ಒಬ್ಬನ ಮೈಯನ್ನು ಮುಟ್ಟದೆ ಅವನ ದುಡಿಮೆಯನ್ನು ಮಾತ್ರ ಮುಟ್ಟುವ ಸಮಾಜ ನಮ್ಮದು. ಅದರ ಮೇಲಿನ ಬಂಡಾಯಕ್ಕೆ ಭಾರವಾದ ಮಾತುಗಳೇ ಬೇಕೆಂದಿಲ್ಲ. ಹೊತ್ತವನು "ಸಾಕು, ಇಳಸ್ತೀನಿ" ಅಂದಾಗ ಇಳಿಸಿಕೊಳ್ಳಲು ಎರಡು ಕೈ ಮುಂದೆ ಬಂದರೆ, ಅಲ್ಲಿಂದಲೇ ಅದು ಶುರುವಾಗುತ್ತದೆ.